ಕಾರ್ಡಿನ ಹಿಂಬದಿಯ ಬರಹ

ಇಷ್ಟು ಹೊತ್ತು ಸತ್ಯವನ್ನು ಕುರಿತು ಮಾತಾಡಿದೆ. ನೀವೆಲ್ಲ ತಲೆದೂಗಿದಿರಿ. ಸುಳ್ಳು ಹೇಳಬಾರದು ಎಂದಾಗ ಮುಂದಿನ ಸಾಲಿನವರು ಕಣ್ಣು ಮುಚ್ಚಿ ಕೈ ಮುಗಿದರು. ಬಹಳ ಸಂತೋಷ. ಆದರೆ ನೋಡಿ, ಕೈ ಮುಗಿದವರ ಮುಖದಲ್ಲಿ ನನಗೊಂದು ನೆಮ್ಮದಿ ಕಂಡಿತು. 'ನಾನಂತೂ ಸುಳ್ಳು ಹೇಳುವವನಲ್ಲ, ಈ ಮಾತೆಲ್ಲ ಪಕ್ಕದಲ್ಲಿ ಕೂತವನಿಗೆ' ಎನ್ನುವ ನೆಮ್ಮದಿ. ಆ ನೆಮ್ಮದಿಯನ್ನು ಸ್ವಲ್ಪ ಕೆಡಿಸಬೇಕು ಎನ್ನಿಸಿದೆ. ಅದಕ್ಕೇ ಒಂದು ದೃಷ್ಟಾಂತ ಹೇಳುತ್ತೇನೆ, ಕೇಳಿ. ಜನ್ಮದಲ್ಲಿ ಒಂದೇ ಒಂದು ಸುಳ್ಳನ್ನೂ ಹೇಳದ ಶ್ರೀಮಂತನೊಬ್ಬನ ಕಥೆ ಇದು.

ಇದ್ದನಪ್ಪ ಅಂಥವನೊಬ್ಬ. ಹೆಸರು ಬೇಡ. ಹೆಸರು ಹೇಳಿದರೆ ನೀವು ಅವನನ್ನು ಬೈದು, ಪ್ರಸಾದ ಮಾಡಿ, ಹಗುರಾಗಿ ಮನೆಗೆ ಹೋಗಿಬಿಡುತ್ತೀರಿ. ಇದ್ದದ್ದು ಕಡಲಾಚೆಯ ಕೊಲ್ಲಿ ದೇಶದ ಒಂದು ಊರಿನಲ್ಲಿ. ನಮ್ಮ ಕಡೆಯವರಿಗೆ ಆ ಕಡೆಯ ಊರುಗಳೆಲ್ಲ ದುಬೈಯೇ, ಹಾಗೇ ಇರಲಿ. ಮೊಬೈಲು ಎಲ್ಲರ ಕೈಗೆ ಬರುವ ಮುಂಚಿನ ಕಾಲ. ದುಡಿಯಲು ಹೋದ ಜನ ಮನೆಯವರ ದನಿ ಕೇಳಬೇಕೆಂದರೆ ಅಲ್ಲಿ ಫೋನ್ ಕಾರ್ಡು ಕೊಳ್ಳಬೇಕಾಗಿತ್ತು. ಮೊದಲೇ ದುಡ್ಡು ಕೊಟ್ಟು ಕಾರ್ಡು ತರುವುದು, ಅದರ ಮೇಲಿನ ಬೆಳ್ಳಿ ಬಣ್ಣದ ಪಟ್ಟಿಯನ್ನು ಉಗುರಿನಿಂದ ಕೆರೆಯುವುದು, ಅಡಿಯಲ್ಲಿ ಕಾಣುವ ನಂಬರನ್ನು ಬೀದಿಯ ಫೋನಿನಲ್ಲಿ ಒತ್ತಿ ಆಮೇಲೆ ಊರಿನ ನಂಬರು ಒತ್ತುವುದು. ಕಾರ್ಡಿನ ದುಡ್ಡು ಇರುವ ತನಕ ಮಾತು. ದುಡ್ಡು ಮುಗಿದರೆ ಫೋನು ತಾನೇ ಕಟ್ಟಾಗುತ್ತಿತ್ತು.

ನಮ್ಮ ಶ್ರೀಮಂತ ಈ ಕಾರ್ಡುಗಳ ವ್ಯಾಪಾರಿ. ನಮ್ಮ ಕೋಲಾರದ ಕಡೆಯವನೇ. ಬೇರೆಯವರು ಎಲ್ಲ ದೇಶದವರಿಗೂ ಒಂದೇ ಕಾರ್ಡು ಮಾರುತ್ತಿದ್ದರೆ, ಇವನು ನಮ್ಮವರಿಗೇ ಎಂದು ಬೇರೆ ಕಾರ್ಡು ಮಾಡಿಸಿದ. ಮುಂಬದಿಯಲ್ಲಿ ಕುಂಕುಮ ಇಟ್ಟುಕೊಂಡ ತಾಯಿಯೊಬ್ಬಳು ಫೋನನ್ನು ಕಿವಿಗೆ ಒತ್ತಿಕೊಂಡು ನಗುತ್ತಿರುವ ಚಿತ್ರ. ಕೆಳಗೆ ದಪ್ಪ ಕನ್ನಡ ಅಕ್ಷರದಲ್ಲಿ, 'ಮನೆಯವರೊಡನೆ ಪೂರ್ತಿ ಅರವತ್ತು ನಿಮಿಷ.' ಪರದೇಶದಲ್ಲಿ ನಮ್ಮ ಅಕ್ಷರ ಕಂಡರೆ ಸಾಕು, ಜನ ಕರಗಿಹೋಗುತ್ತಾರೆ. ಅಂಗಡಿಗೆ ಹೋದರೆ ಅವನು "ಅಕ್ಕಾ, ಊರ್ ಕಡೆ ಮಳೆ ಆಯ್ತಂತಾ?" ಎಂದು ಕೇಳಿಯೇ ಕಾರ್ಡು ಕೊಡುತ್ತಿದ್ದ. ಯುಗಾದಿಗೆ ಎಲ್ಲರ ಕೈಗೂ ಬೇವು ಬೆಲ್ಲ ಹಾಕುತ್ತಿದ್ದ. ಇಂಥವನು ಮೋಸ ಮಾಡುತ್ತಾನೆ ಎಂದು ಯಾರಾದರೂ ನೆನೆಯುತ್ತಾರೆಯೇ? ನೀವು ನೆನೆಯುತ್ತಿದ್ದಿರಾ? ನಾನಂತೂ ಇಲ್ಲ.

ಕಾರ್ಡಿಗೆ ಹಿಂಬದಿಯೂ ಇತ್ತು. ಅಲ್ಲಿ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಏನಿತ್ತು ಅದರಲ್ಲಿ? ಮೊದಲ ಸಲ ಬಿಟ್ಟು, ಆಮೇಲೆ ಪ್ರತಿ ಸಲ ಫೋನು ತಾಗಿದಾಗ ಸಂಪರ್ಕದ ಶುಲ್ಕ ಎಂದು ಒಂದಿಷ್ಟು ಮುರಿದುಕೊಳ್ಳಲಾಗುವುದು. ಒಂದೇ ನಿಮಿಷ ಮಾತಾಡಿ ಇಟ್ಟರೂ ಮೂರು ನಿಮಿಷದ ಲೆಕ್ಕ ಹಿಡಿಯಲಾಗುವುದು. ಒಮ್ಮೆ ಬಳಸಿದ ಕಾರ್ಡಿನಿಂದ ವಾರವಾರವೂ ನಿರ್ವಹಣೆಯ ಖರ್ಚು ಕಳೆಯಲಾಗುವುದು, ಮಾತಾಡಿದರೂ ಸರಿ, ಬಿಟ್ಟರೂ ಸರಿ. ಅರವತ್ತು ನಿಮಿಷ ಸಿಗಬೇಕೆಂದರೆ ಕಾರ್ಡು ಕೆರೆದ ಕೂಡಲೇ, ಒಂದೇ ಉಸಿರಿಗೆ, ಒಂದೇ ಫೋನಿನಲ್ಲಿ ಅರವತ್ತು ನಿಮಿಷವನ್ನೂ ಮಾತಾಡಿ ಮುಗಿಸಬೇಕು. ಹಾಗೆ ಯಾರು ಮಾತಾಡುತ್ತಾರೆ ಹೇಳಿ? ಯಾರೂ ಇಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಒಬ್ಬ ತಾಯಿಯ ವಿಷಯಕ್ಕೆ ಬರುತ್ತೇನೆ. ಆ ಊರಿನ ಒಂದು ದೊಡ್ಡ ಮನೆಯಲ್ಲಿ ಅಡುಗೆ ಕೆಲಸಕ್ಕಿದ್ದವಳು, ಮುನಿರತ್ನ ಎಂದು. ಗಂಡ ತೀರಿಕೊಂಡಿದ್ದ. ಮಗಳು ನಾಗವೇಣಿಯನ್ನು ಅತ್ತೆ ಮಾವನ ಹತ್ತಿರ ಬಿಟ್ಟು, ಅವಳ ಮದುವೆಯನ್ನು ನಾಲ್ಕು ಜನ ಮೆಚ್ಚುವ ಹಾಗೆ ಮಾಡಬೇಕು ಎಂಬ ಒಂದೇ ಆಸೆಗೆ ಕಡಲು ದಾಟಿದವಳು. ಗಂಡು ಗೊತ್ತಾಗಿದೆ ಎಂದು ಮೈದುನನಿಂದ ಕಾಗದ ಬಂತು, ಹುಡುಗನ ಫೋಟೋ ಸಮೇತ. ಹುಡುಗ ಅದೇ ದುಬೈಯಲ್ಲಿ ಡ್ರೈವರಂತೆ. ರಜದಲ್ಲಿ ಊರಿಗೆ ಬರುತ್ತಾನೆ, ಭಾನುವಾರ ತಾಂಬೂಲ ಬದಲಾಯಿಸುತ್ತೇವೆ ಎಂದು ಬರೆದಿದ್ದ. ತಾಂಬೂಲ ಎಂದರೆ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯರ ಮುಂದೆ ಎಲೆ ಅಡಿಕೆ ಕೈ ಬದಲಾದರೆ ಮಾತು ಕೊಟ್ಟ ಹಾಗೆ. ಆಮೇಲೆ ಹಿಂದೆಗೆದರೆ ಜನ ಹುಡುಗನನ್ನು ಕೇಳುವುದಿಲ್ಲ, ಹುಡುಗಿಯ ಕಡೆಗೇ ಬೆರಳು ತೋರಿಸುತ್ತಾರೆ.

ಮುನಿರತ್ನ ಆ ಫೋಟೋವನ್ನು ಎಷ್ಟು ಸಲ ನೋಡಿದ್ದಳೋ. ಆ ವಾರ ಮನೆಯೊಡತಿಯ ಮಗುವಿಗೆ ಜ್ವರ ಬಂದು ಆಸ್ಪತ್ರೆಗೆ ಹೋದಾಗ ಸಾಲಿನಲ್ಲಿ ಅದೇ ಮುಖ ಕಂಡಿತು. ಅದೇ ಹುಡುಗ, ಹೆಗಲ ಮೇಲೆ ಎರಡು ವರ್ಷದ ಕೂಸು. ಕೂಸು ಅವನ ಕಿವಿ ಜಗ್ಗಿ "ಅಪ್ಪ" ಎಂದಿತು. ಪಕ್ಕದಲ್ಲೊಬ್ಬ ಹೆಂಗಸು, ಅವಳೂ ನಮ್ಮ ಕಡೆಯವಳೇ. ಅವನು ಔಷಧಿ ತರಲು ಅತ್ತ ಹೋದಾಗ ಮುನಿರತ್ನ ಮೆಲ್ಲಗೆ ಮಾತಿಗೆಳೆದಳು.

"ನಮ್ ಯಜಮಾನ್ರು ಕಣಕ್ಕ," ಎಂದಳು ಆ ಹೆಂಗಸು. "ನಾಳೀಕೆ ಊರಿಗೆ ಹೋಗ್ತಾವ್ರೆ. ಅವರವ್ವಂಗೆ ಹುಷಾರಿಲ್ವಂತೆ, ಪಾಪ."

ಅವ್ವನನ್ನು ನೋಡಲು ಹೋಗುತ್ತಿಲ್ಲ ಅವನು, ನಾಗವೇಣಿಯ ತಾಂಬೂಲಕ್ಕೆ ಹೋಗುತ್ತಿದ್ದಾನೆ. ಎದುರಿಗಿದ್ದವಳ ಮುಖ ನೋಡಲಾರದೆ ಅವಳು ನೆಲ ನೋಡಿದಳು. ಮಗಳಿಗೆ ಹೇಳಬೇಕು. ಭಾನುವಾರಕ್ಕೆ ಮೊದಲು ಹೇಳಬೇಕು. ಕಾಗದ ಹಾಕಿದರೆ ಅದು ತಲುಪುವಷ್ಟರಲ್ಲಿ ಮದುವೆಯೇ ಆಗಿರುತ್ತದೆ. ಕೆಲಸದ ಮನೆಯ ಫೋನಿಗೆ ಬೀಗ. ಆ ಕಾಲದಲ್ಲಿ ಫೋನಿಗೆ ಬೀಗ ಹಾಕುತ್ತಿದ್ದರು, ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬೇಕು. ಮನೆಯೊಡತಿ "ಶುಕ್ರವಾರ ಹೊರಗೆ ಹೋಗ್ತೀಯಲ್ಲ, ಆಗ ಮಾಡ್ಕೋ" ಎಂದುಬಿಟ್ಟಳು.

ಶುಕ್ರವಾರ ಮಧ್ಯಾಹ್ನದ ತನಕ ರಜ. ಕಾರ್ಡಿಗಾಗಿ ಅವಳು ಅಂಗಡಿಗೆ ಹೋಗಬೇಕಾಗಿರಲಿಲ್ಲ, ಒಂದು ಕಾರ್ಡು ಪೆಟ್ಟಿಗೆಯಲ್ಲೇ ಇತ್ತು. ಸಂಕ್ರಾಂತಿಗೆ ಕೊಂಡಿದ್ದು. ಅಂದು ಮಗಳ ಜೊತೆ ನಾಲ್ಕು ಮಾತಾಡಿ, ಉಳಿದದ್ದು ಕಷ್ಟಕಾಲಕ್ಕಿರಲಿ ಎಂದು ಸೀರೆ ಮಡಿಕೆಯ ನಡುವೆ ಎತ್ತಿಟ್ಟಿದ್ದಳು. ನಮ್ಮ ಹೆಣ್ಣುಮಕ್ಕಳ ಬುದ್ಧಿಯೇ ಹಾಗೆ. ಬಾಯಿ ಕಟ್ಟಿ ಉಳಿಸುತ್ತಾರೆ. ಡಬ್ಬಿಯಲ್ಲಿಟ್ಟ ಸಕ್ಕರೆ ತಾನಾಗಿ ಕಡಿಮೆಯಾಗುತ್ತದೆಯೇ? ಆಗುವುದಿಲ್ಲ. ಕಾರ್ಡೂ ಹಾಗೆಯೇ ಎಂದು ಅವಳು ತಿಳಿದಿದ್ದಳು. ಸೀರೆಯ ನಡುವೆ ಕೂತೇ ಆ ಕಾರ್ಡು ವಾರವಾರವೂ ಕರಗುತ್ತಿತ್ತು ಎಂದು ಅವಳಿಗೆ ಯಾರು ಹೇಳಿದ್ದರು?

ಇನ್ನೊಂದು ಸಂಗತಿ ನೋಡಿ. ಅವರ ಹಳ್ಳಿಯಲ್ಲಿ ಫೋನು ಇದ್ದದ್ದು ಹಾಲಿನ ಡೈರಿ ಸೆಕ್ರೆಟರಿಯ ಮನೆಯಲ್ಲಿ ಮಾತ್ರ. ಪರದೇಶದಲ್ಲಿದ್ದವರೆಲ್ಲ ಮೊದಲು ಅಲ್ಲಿಗೆ ಫೋನು ಮಾಡಿ 'ನಮ್ಮವರನ್ನು ಕರೀರಿ' ಎಂದು ಹೇಳಿ ಇಟ್ಟುಬಿಡುತ್ತಿದ್ದರು. ಮನೆಯವರು ಓಡೋಡಿ ಬರುವಷ್ಟು ಹೊತ್ತು ಬಿಟ್ಟು ಮತ್ತೆ ಮಾಡುತ್ತಿದ್ದರು. ಕಾಯುವಾಗ ದುಡ್ಡು ದಂಡವಾಗಬಾರದು, ನಿಮಿಷ ಉಳಿಯಲಿ ಎನ್ನುವ ಲೆಕ್ಕ ಅದು. ಎಲ್ಲರೂ ಜಾಣತನ ಎಂದೇ ತಿಳಿದಿದ್ದರು. ಆದರೆ ಫೋನು ತಾಗಿದಾಗಲೆಲ್ಲ ಶುಲ್ಕ ಮುರಿಯುವ ಕಾರ್ಡಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಇನ್ನೆಲ್ಲಿ ಸಿಗಬೇಕು? ಉಳಿಸಲು ಹೋಗಿಯೇ ನಮ್ಮವರು ಎರಡೆರಡು ಸಲ ಕಳೆದುಕೊಳ್ಳುತ್ತಿದ್ದರು.

ಮುನಿರತ್ನ ಫೋನು ಮಾಡಿದಳು. ಸೆಕ್ರೆಟರಿಯ ಹೆಂಡತಿ ಎತ್ತಿದಳು.

"ಯಾರು, ಮುನಿರತ್ನಾನಾ? ಚೆನ್ನಾಗಿದೀಯೇನಮ್ಮ?"

"ಹೂಂ ಅಕ್ಕಾ. ನಮ್ಮೋರ್ನ ಬೇಗ ಕರೀರಿ. ಅರ್ಜೆಂಟು."

"ಏನಾಯ್ತಮ್ಮಾ?"

ಮಗಳ ಮಾನದ ಮಾತು. ಡೈರಿ ಮನೆಯಲ್ಲಿ ಬಾಯಿ ಬಿಟ್ಟರೆ ಬೆಳಗಿನ ಹಾಲಿಗೆ ಬಂದವರೆಲ್ಲ ಹೊತ್ತುಕೊಂಡು ಹೋಗುತ್ತಾರೆ. "ಏನಿಲ್ಲಕ್ಕ, ಕರೀರಿ," ಎಂದು ಇಟ್ಟಳು.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದಳು. ಮನೆಯವರೆಲ್ಲ ಬಂದಿದ್ದರು. ಆದರೆ ಫೋನು ಮೊದಲು ಯಾರ ಕೈಗೆ? ಹಿರಿಯರ ಕೈಗೆ. ಅದು ನಮ್ಮ ಮನೆಗಳ ಪದ್ಧತಿ. ಮಾವ ಎತ್ತಿದರು. ದೂರದ ಫೋನಿಗೆ ಜೋರಾಗಿ ಕೂಗಬೇಕು ಎಂದು ನಂಬಿದ್ದ ಕಾಲದವರು.

"ಏನಮ್ಮಾ, ಕೇಳ್ತಾ ಐತಾ? ಚೆನ್ನಾಗಿದೀಯಾ?"

"ಚೆನ್ನಾಗಿದೀನಿ ಮಾವ. ನಿಮ್ ಕಾಲ್ನೋವು ಹೆಂಗೈತೆ?"

ಕಾಲುನೋವಿನ ಸಮಾಚಾರ ಬಂತು. ಸೀಮೆ ಹಸು ಕರು ಹಾಕಿದ ಸಮಾಚಾರ ಬಂತು, ಹೆಣ್ಣುಗರು ಎನ್ನುವ ಸಂತೋಷ ಬಂತು. ಭಾನುವಾರಕ್ಕೆ ಅಡುಗೆಯವರು ಒಪ್ಪಿದ್ದು, ಚಪ್ಪರ ಬೇಡವೆಂದು ತೀರ್ಮಾನಿಸಿದ್ದು, ಎಲ್ಲ ಬಂತು. ಮಾವನ ಮಾತು ತಡೆದು 'ನೀವು ನೋಡಿದ ಗಂಡು ಸರಿಯಿಲ್ಲ' ಎಂದು ಅವರ ಕಿವಿಗೇ ಹೇಳುವುದು ಹೇಗೆ? ಅರವತ್ತರಲ್ಲಿ ಸಂಕ್ರಾಂತಿಯ ದಿನ ಹೋದದ್ದು ಹೋಯಿತು, ಇನ್ನೂ ಬೇಕಾದಷ್ಟು ನಿಮಿಷ ಇದೆಯಲ್ಲ. ಹಿರಿಯರದು ಮುಗಿಯಲಿ, ಮೈದುನನ ಕೈಗೆ ಫೋನು ಬರಲಿ, ಬಿಡಿಸಿ ಹೇಳೋಣ ಎಂದು ಅವಳು ತಡೆದುಕೊಂಡಳು. ತಪ್ಪೇ ಅದು? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಅತ್ತೆಯ ಸರದಿ ಬಂತು.

"ಅತ್ತೇ, ಮೈದುನಂಗೆ ಕೊಡಿ ಫೋನು. ಒಂದು ಮುಖ್ಯವಾದ ಮಾತೈತೆ."

"ಕೊಡ್ತೀನಿ ಕಣಮ್ಮ. ಮೊದ್ಲು ನಿನ್ ದನಿ ನಾನು ಕೇಳ್ಬೇಡ್ವಾ? ಹೆತ್ತೋಳು ನೀನೇ ಇಲ್ದೆ ತಾಂಬೂಲ ಮಾಡೋಹಂಗಾಯ್ತಲ್ಲೇ…" ಎಂದು ಆ ಮುದುಕಿ ಅತ್ತಳು. ಅತ್ತವಳನ್ನು ಸಮಾಧಾನ ಮಾಡಬೇಕಲ್ಲ, ಮಾಡಿದಳು. ಕೊನೆಗೆ ಮೈದುನ ಫೋನು ಇಸಿದುಕೊಂಡು "ಅತ್ತಿಗೇ," ಎಂದ.

ಅಷ್ಟೇ. ಫೋನು ಕಟ್ಟಾಯಿತು.

ಅವಳು ನಂಬರು ಮತ್ತೆ ಒತ್ತಿದಳು. ಯಂತ್ರದೊಳಗಿನ ಹೆಂಗಸು ಗೊತ್ತಿಲ್ಲದ ಭಾಷೆಯಲ್ಲಿ ಏನೋ ಹೇಳಿ ಇಟ್ಟಳು. ಮತ್ತೆ ಒತ್ತಿದರೂ ಅದೇ. ಕಾರ್ಡಿನ ಅಂಗಡಿಗೆ ಓಡಿದರೆ ಶುಕ್ರವಾರದ ನಮಾಜಿನ ಹೊತ್ತು, ಬೀದಿಯ ಅಂಗಡಿಗಳೆಲ್ಲ ಮುಚ್ಚಿದ್ದವು. ಕರೆದುಕೊಂಡು ಹೋಗಲು ಬಂದ ಕಾರಿನವನು ಹಾರನ್ ಹೊಡೆಯುತ್ತಿದ್ದ. ಶನಿವಾರ ಮನೆಯೊಡತಿಯ ಕಾಲಿಗೆ ಬಿದ್ದಳು. ಬೀಗದ ಕೈ ಯಜಮಾನರ ಹತ್ತಿರ, ಯಜಮಾನರು ಊರಲ್ಲಿಲ್ಲ. ಭಾನುವಾರ ಅವಳು ಯಾರದೋ ಮನೆಯ ಅಡುಗೆಮನೆಯಲ್ಲಿ ನಿಂತು, ಈಗ ಎಲೆ ಅಡಿಕೆ ಹರಿವಾಣಕ್ಕಿಟ್ಟಿರುತ್ತಾರೆ, ಈಗ ಹಿರಿಯರು ಕೈಗೆತ್ತಿಕೊಂಡಿರುತ್ತಾರೆ ಎಂದು ಎಣಿಸುತ್ತ ಯಾರದೋ ಮಕ್ಕಳಿಗೆ ಮೀನು ಕರಿದಳು. ಇತ್ತ ಊರಿನಲ್ಲಿ, ಮುಖ್ಯವಾದ ಮಾತು ಎಂದಳಲ್ಲ, ಮಗಳಿಗೆ ಆಶೀರ್ವಾದ ಮಾಡಲಿಕ್ಕೇ ಇರಬೇಕು ಎಂದುಕೊಂಡು ಅವಳ ಹೆಸರು ಹೇಳಿಯೇ ತಾಂಬೂಲ ಬದಲಾಯಿಸಿದರು.

ಮುಂದಿನ ಶುಕ್ರವಾರ ಬೆಳಿಗ್ಗೆಯೇ ಮುನಿರತ್ನ ಶ್ರೀಮಂತನ ಅಂಗಡಿಗೆ ಹೋದಳು. ಖಾಲಿ ಕಾರ್ಡನ್ನು ಮೇಜಿನ ಮೇಲಿಟ್ಟಳು.

"ಅಣ್ಣಾ, ಅರವತ್ತು ನಿಮಿಷ ಅಂತ ಬರ್ದಿದೀರ. ನಂಗೆ ಹತ್ತು ನಿಮಿಷಾನೂ ಸಿಗ್ಲಿಲ್ಲ."

ಅವನು ರೇಗಲಿಲ್ಲ. ಕೂರಿಸಿದ, ಟೀ ತರಿಸಿದ. ಕಾರ್ಡನ್ನು ತಿರುವಿ ಹಾಕಿ ಬೆರಳಿಟ್ಟು ತೋರಿಸಿದ. "ನೋಡಕ್ಕಾ, ಎಲ್ಲಾ ಬರ್ದೇ ಐತೆ. ಫೋನ್ ತಾಗಿದ್ರೆ ಇಷ್ಟು, ವಾರ ಕಳೆದ್ರೆ ಇಷ್ಟು. ನಾನೇನಾದ್ರೂ ಸುಳ್ಳು ಹೇಳಿದೀನಾ?"

"ಮುಂದ್ಗಡೆ ಕನ್ನಡದಾಗೆ ಬರ್ದಿದೀರ. ಹಿಂದ್ಗಡೆ ಯಾಕಣ್ಣ ಇಂಗ್ಲೀಷು?"

"ಕಾಯ್ದೆಗೆ ಅಷ್ಟು ಸಾಕಕ್ಕ. ಅದ್ನೆಲ್ಲಾ ಕನ್ನಡದಾಗೆ ಬರ್ದ್ರೆ ಕಾರ್ಡ್ ಯಾರ್ ತಗೊಳ್ತಾರೆ ಹೇಳು?" ಎಂದು ನಕ್ಕ. ಅವಳನ್ನೂ ನಗಿಸಬೇಕು ಎಂದೇ ನಕ್ಕ.

ಮುನಿರತ್ನ ನಗಲಿಲ್ಲ. "ಹತ್ತೇ ನಿಮಿಷ ಅಂದಿದ್ರೂ ತಗೊಳ್ತಿದ್ದೆನಣ್ಣ," ಎಂದಳು. "ದುಡ್ಡಿನ ಮಾತಲ್ಲ ಇದು. ಹತ್ತೇ ನಿಮಿಷ ಅಂತ ಗೊತ್ತಿದ್ದಿದ್ರೆ ಹೇಳ್ಬೇಕಾದ್ ಮಾತ ಮೊದ್ಲೇ ಹೇಳ್ತಿದ್ದೆ."

ಕೇಳಿದಿರಾ? ಇಡೀ ದೃಷ್ಟಾಂತ ಆ ಒಂದು ಮಾತಿನಲ್ಲಿದೆ. ಅವನು ಕದ್ದದ್ದು ದುಡ್ಡನ್ನಲ್ಲ. ಯಾವ ಮಾತು ಮೊದಲು, ಯಾವ ಮಾತು ಆಮೇಲೆ ಎಂದು ತೀರ್ಮಾನಿಸುವ ತಾಯಿಯ ಹಕ್ಕನ್ನು ಕದ್ದ. ಇರುವುದು ಎಷ್ಟು ಎಂದು ತಿಳಿದಿದ್ದರೆ ಬಡವರಿಗೂ ಅದರಲ್ಲಿ ತೂಗಿಸಿಕೊಂಡು ಹೋಗುವ ಬುದ್ಧಿ ಇದೆ. ಇಲ್ಲದ್ದನ್ನು ಇದೆ ಎಂದು ತೋರಿಸಿದರೆ ಅವರು ಏನು ಮಾಡಬೇಕು?

ಶ್ರೀಮಂತನಿಗೆ ಆ ಮಾತು ನಾಟಿತೇ? ಇಲ್ಲ. ಅವನು ಗಲ್ಲಾಪೆಟ್ಟಿಗೆಯ ಪಕ್ಕದಿಂದ ಹೊಸ ಕಾರ್ಡೊಂದನ್ನು ತೆಗೆದು, "ಹೋಗ್ಲಿ ಬಿಡಕ್ಕ, ಇದು ನನ್ ಲೆಕ್ಕದಾಗೆ," ಎಂದು ಕೊಟ್ಟ. ಅವಳು ಅದನ್ನು ಅವನ ಮುಖಕ್ಕೆ ಎಸೆದಳು ಎಂದರೆ ನಿಮಗೆ ಹಿತವಾಗುತ್ತಿತ್ತು. ಅವಳು ಎಸೆಯಲಿಲ್ಲ. ತೆಗೆದುಕೊಂಡಳು. ಮಗಳಿಗೆ ಫೋನು ಮಾಡಬೇಕಾಗಿತ್ತಲ್ಲ. ಮಕ್ಕಳ ಚಿಂತೆ ಹೊತ್ತವರಿಗೆ ರೋಷ ತೋರಿಸುವ ಅನುಕೂಲವೂ ಇರುವುದಿಲ್ಲ.

ಈ ಸಲ ಅವಳು ಮಾವನನ್ನು ಕೇಳಲಿಲ್ಲ, ಅತ್ತೆಯನ್ನು ಕೇಳಲಿಲ್ಲ. ಮಗಳು ವೇಣಿಯೊಬ್ಬಳನ್ನೇ ಕರೆಸಿದಳು. ಫೋನು ತಾಗಿದ ಕೂಡಲೇ ಆಸ್ಪತ್ರೆಯಲ್ಲಿ ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಆ ಕಡೆ ಸದ್ದಿಲ್ಲ. ಮತ್ತೆ ಕಟ್ಟಾಯಿತೇ ಎಂದು ಅವಳು ಹೆದರಿದಳು. ಕಟ್ಟಾಗಿರಲಿಲ್ಲ.

"ತಾಂಬೂಲ ಆದ್ಮೇಲೆ ಹೇಳ್ತೀಯಲ್ಲಮ್ಮಾ," ಎಂದಳು ಮಗಳು. "ಹೋದ್ವಾರ ತಾತನ್ ಜೊತೆ ಕರು ವಿಷ್ಯ ಮಾತಾಡೋಕೆ ಟೈಮಿತ್ತು ನಿಂಗೆ. ಇದ ಹೇಳೋಕೆ ಇರ್ಲಿಲ್ವಾ?"

ಉತ್ತರ ಇತ್ತು ತಾಯಿಯ ಹತ್ತಿರ. ಕಾರ್ಡು, ಶುಲ್ಕ, ಹಿಂಬದಿಯ ಅಕ್ಷರ, ಅದೆಲ್ಲ ಉತ್ತರವೇ. ಆದರೆ ಮಗಳ ಜನ್ಮದ ಪ್ರಶ್ನೆಗೆ ಕಾರ್ಡಿನ ಶುಲ್ಕ ಅಡ್ಡಬಂತು ಎಂದು ಯಾವ ಬಾಯಿಂದ ಹೇಳುತ್ತಾಳೆ? ಹೇಳಿದರೆ ಯಾರು ನಂಬುತ್ತಾರೆ? ಅವಳು ಅತ್ತಳು. ಮಗಳೂ ಅತ್ತಿರಬೇಕು. ಆಮೇಲೆ ಮನೆಯ ಗಂಡಸರು ಹುಡುಗನನ್ನು ಕರೆಸಿ ಕೇಳಿದರು. ಅವನು ಹಿರಿಯರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿದ. ದೂರದಲ್ಲಿರುವವಳ ಕಿವಿ ಯಾರೋ ಕಚ್ಚಿದ್ದಾರೆ, ಅದು ನಿಜವಾಗಿದ್ದರೆ ಮೊದಲೇ ಹೇಳುತ್ತಿರಲಿಲ್ಲವೇ ಎಂದು ಎಲ್ಲರೂ ಅಂದರು. ಮದುವೆ ನಡೆಯಿತು. ವರ್ಷ ತುಂಬುವುದರೊಳಗೆ ಅವನ ಮೊದಲ ಸಂಸಾರ ಬಯಲಾಗಿ ವೇಣಿ ತವರಿಗೆ ಬಂದು ಮೂಲೆಯಲ್ಲಿ ಕೂತಳು. ಕಾರ್ಡಿನವನು ಯಾರೆಂದೇ ಅವಳಿಗೆ ಗೊತ್ತಿಲ್ಲ, ಅವನನ್ನು ಹೇಗೆ ಬೈಯುತ್ತಾಳೆ? ಅವಳು ಮಾತು ಬಿಟ್ಟದ್ದು ತಾಯಿಯ ಜೊತೆ. ಗೊತ್ತಿದ್ದೂ ತಾಂಬೂಲ ಆಗುವ ತನಕ ಮುಚ್ಚಿಟ್ಟವಳು ಎನ್ನುವ ಹೆಸರು ಮುನಿರತ್ನಳಿಗೆ ಬಂತು. ನೋಡಿ, ಮುಚ್ಚಿಟ್ಟವನು ಅಲ್ಲಿ ಟೀ ಕುಡಿಸುತ್ತ ಕೂತಿದ್ದ, ಮುಚ್ಚಿಟ್ಟವಳು ಎಂದು ಜನ ಕರೆದದ್ದು ಇವಳನ್ನು.

ಆ ಶ್ರೀಮಂತನಿಗೆ ಕೊನೆಗೆ ಏನಾಯಿತು ಎಂದು ಕಾಯುತ್ತಿದ್ದೀರಿ ನೀವು. ದೇವರು ಬುದ್ಧಿ ಕಲಿಸಿರಬೇಕು, ಅಂಗಡಿಗೆ ಬೆಂಕಿ ಬಿದ್ದಿರಬೇಕು, ಮೈಗೆ ರೋಗ ಹತ್ತಿರಬೇಕು, ಅಲ್ಲವೇ? ಏನೂ ಆಗಲಿಲ್ಲ. ಸುಖವಾಗಿದ್ದಾನೆ. ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ ಅವನಿಗೆ, ಯಾಕೆಂದರೆ ಅವನು ಸುಳ್ಳು ಹೇಳಿಲ್ಲ.

ಬಾಳೇ ಒಂದು ಕಾರ್ಡು, ಉಸಿರೇ ಅದರ ನಿಮಿಷ ಎಂದು ನಾನು ಈಗ ಅರ್ಥ ಬಿಡಿಸುತ್ತೇನೆ ಎಂದು ಕೆಲವರು ಆಗಲೇ ಕಣ್ಣು ಮುಚ್ಚಿದ್ದೀರಿ. ಕಣ್ಣು ತೆಗೆಯಿರಿ. ಹಾಗೆ ಹೇಳಿದರೆ ನಿಮಗೆ ಬಹಳ ಸುಲಭ. ನಾನು ಬಾಳಿನ ಮಾತಾಡುತ್ತಿಲ್ಲ, ವ್ಯಾಪಾರದ ಮಾತಾಡುತ್ತಿದ್ದೇನೆ. ಕಲ್ಯಾಣ ಮಂಟಪಕ್ಕೆ ಒಂದು ಬಾಡಿಗೆ ಹೇಳಿ, ಮದುವೆ ಮುಗಿದ ಮೇಲೆ ಕರೆಂಟಿಗೆ, ನೀರಿಗೆ, ಗುಡಿಸಿದ್ದಕ್ಕೆ ಎಂದು ಹೆಣ್ಣಿನ ತಂದೆಯನ್ನು ಬಾಗಿಲಲ್ಲಿ ನಿಲ್ಲಿಸಿಕೊಳ್ಳುವವರು ಇಲ್ಲಿ ಕೂತಿದ್ದೀರಿ. ಶಾಲೆಗೆ ಮಗುವನ್ನು ಸೇರಿಸಿಕೊಳ್ಳುವಾಗ ಒಂದು ಫೀಜು, ಮಗು ಅಲ್ಲಿಗೆ ಹೊಂದಿಕೊಂಡ ಮೇಲೆ ಹತ್ತು ಫೀಜು ತೆಗೆಯುವವರು ಇದ್ದೀರಿ. ಬಡ್ಡಿಯನ್ನು ಮೊದಲೇ ಮುರಿದುಕೊಂಡು ಸಾಲ ಕೊಡುವವರಿದ್ದೀರಿ. ಕೇಳಿದರೆ ನೀವೂ ಅದನ್ನೇ ಅನ್ನುತ್ತೀರಿ, 'ಬರೆದಿದ್ದೆವಲ್ಲ, ಅವರು ಓದಿಲ್ಲ.' ಓದಬಾರದು ಎಂದೇ ಬರೆದವರು ನೀವು! ಸುಳ್ಳನ್ನು ಒಬ್ಬ ಕೋಪದಲ್ಲೋ ಹೆದರಿಕೆಯಲ್ಲೋ ಹೇಳಿಬಿಡಬಹುದು. ಸಣ್ಣ ಅಕ್ಷರವನ್ನು ಯಾರೂ ಹೆದರಿ ಬರೆಯುವುದಿಲ್ಲ. ಕೂತು, ಯೋಚನೆ ಮಾಡಿ, ದುಡ್ಡು ಕೊಟ್ಟು ಅಚ್ಚು ಹಾಕಿಸುತ್ತಾರೆ.

ಹಾಗಾದರೆ ನಾಳೆಯಿಂದ ಏನು ಮಾಡಬೇಕು? ದೀಪ ಹಚ್ಚಿ, ಭಜನೆ ಮಾಡಿ, ಅದು ನಿಮ್ಮ ಇಷ್ಟ. ಆದರೆ ನಿಮ್ಮಲ್ಲಿ ಮಾರುವವರು ಯಾರಿದ್ದೀರೋ ಅವರು, ಎಷ್ಟು ಕೊಡುತ್ತೀರಿ ಎಂದು ಯಾವ ಭಾಷೆಯಲ್ಲಿ, ಎಷ್ಟು ದಪ್ಪ ಅಕ್ಷರದಲ್ಲಿ ಬರೆಯುತ್ತೀರೋ, ಎಷ್ಟು ಮುರಿದುಕೊಳ್ಳುತ್ತೀರಿ ಎಂಬುದನ್ನೂ ಅದೇ ಭಾಷೆಯಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಿರಿ. ಓದಲು ಬಾರದವರಿಗೆ ಬಾಯಿಬಿಟ್ಟು ಹೇಳಿ. ಗಿರಾಕಿ ಹೊರಟುಹೋದರೆ ಹೋಗಲಿ. ಅವನು ಹೊರಟುಹೋಗುತ್ತಾನೆ ಎಂದು ನಿಮಗೆ ಮೊದಲೇ ಗೊತ್ತಿದ್ದರೆ, ನಿಮ್ಮ ವ್ಯಾಪಾರ ಎಂಥದು ಎಂದೂ ಗೊತ್ತಿದೆ ಎಂದೇ ಅರ್ಥ.

ಕೊಳ್ಳುವವರೇ, ನಿಮಗೂ ಒಂದು ಮಾತಿದೆ. 'ಇದಲ್ಲದೆ ಇನ್ನೇನು ಹಿಡಿಯುತ್ತೀರಿ?' ಎಂದು ಕೇಳಲು ನಾಚಬೇಡಿ. ನಮ್ಮೂರಿನವನು, ನಮ್ಮ ಭಾಷೆಯವನು, ಅವನನ್ನು ಹೇಗೆ ಕೇಳುವುದು ಎಂಬ ದಾಕ್ಷಿಣ್ಯವನ್ನು ಮನೆಯಲ್ಲಿಟ್ಟು ಬನ್ನಿ. ರಸೀದಿ ಇಸಿದುಕೊಳ್ಳಿ. ಮೋಸವಾದರೆ ಜಿಲ್ಲೆಯಲ್ಲಿ ಗ್ರಾಹಕರ ನ್ಯಾಯ ಕೇಳುವ ಜಾಗ ಇದೆ, ಹಣೆಬರಹ ಎಂದು ಕೈಮುಗಿದು ಕೂರದೆ ಅಲ್ಲಿಗೆ ಹೋಗಿ. ಹಣೆಬರಹ ಬರೆದವನು ದೇವರು, ಆ ಕಾರ್ಡಿನ ಹಿಂಬದಿಯನ್ನು ಬರೆದವನು ದೇವರಲ್ಲ.

ನಾಳೆ ಬೆಳಿಗ್ಗೆ ನಿಮ್ಮ ಅಂಗಡಿಯ ಬಾಗಿಲಿಗೆ ಒಬ್ಬ ಹೆಣ್ಣುಮಗಳು ಬಂದು ನಿಲ್ಲುತ್ತಾಳೆ. ಅವಳ ಮನೆಯಲ್ಲಿ ಏನು ನಡೆದಿದೆ, ಯಾವ ಅವಸರಕ್ಕೆ ಬಂದಿದ್ದಾಳೆ ಎಂದು ನಿಮಗೆ ಗೊತ್ತಾಗುವುದಿಲ್ಲ, ಅವಳೂ ಹೇಳುವುದಿಲ್ಲ. ಅವಳು ಸೆರಗಿನ ಗಂಟು ಬಿಚ್ಚುವ ಮೊದಲು ಪೂರ್ತಿ ದರ ಹೇಳಿ. ಬಿಚ್ಚಿದ ಮೇಲೆ ಹೇಳಿದರೆ ಅದನ್ನು ಸತ್ಯ ಎಂದು ಕರೆಯಬೇಡಿ.